ಜಾಮ್ ಆದ ಬೇರಿಂಗು: ಅದನ್ನು ಬಿಡಿಸುವ ಬಗೆ

(ಜತ್ತ ತಾಲೂಕಿನ ತೋಟದ ಕೂಲಿಕಾರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಾಡಬೇಕೆಂದಿರುವುದು ಬಟ್ಟೆ ಒಗೆಯುವ ಮಷಿನಿನ ಬೇರಿಂಗಿನ ವಿಷಯ. ಕೂಟದಲ್ಲಿ ಇಂಥ ಮಾತು ಏಕೆ ಎಂದು ಕೆಲವರಿಗೆ ಅನಿಸಬಹುದು. ಅದರ ಕಾರಣವನ್ನು ಮೊದಲು ಹೇಳುತ್ತೇವೆ.

ದ್ರಾಕ್ಷಿ ಮತ್ತು ದಾಳಿಂಬೆ ತೋಟಗಳಲ್ಲಿ ದುಡಿಯುವ ನಮ್ಮ ಮನೆಗಳಿಗೆ ಈಗ ಅಲ್ಲೊಂದು ಇಲ್ಲೊಂದು ಈ ಮಷಿನು ಬಂದಿದೆ. ಕೆಲವರು ಕಂತಿನ ಮೇಲೆ ಹೊಸದು ತಂದಿದ್ದಾರೆ, ಕೆಲವರು ಹಳೆಯದನ್ನು ಅರ್ಧ ಬೆಲೆಗೆ ಕೊಂಡಿದ್ದಾರೆ, ಕೆಲವರಿಗೆ ತೋಟದ ಮಾಲಕರ ಮನೆಯಿಂದ ಬಂದಿದೆ. ಹೇಗೆ ಬಂದರೂ ಅದು ನಮ್ಮ ತಾಯಂದಿರ ನಡುವಿನ ನೋವನ್ನು ಇಳಿಸಿದೆ. ಜತ್ತ ತಾಲೂಕು ಮಳೆ ಕಡಿಮೆಯ ಸೀಮೆ. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ತಾಲೂಕಿನ ಕೆಲವು ಭಾಗಕ್ಕೆ ಬಂದಿದೆ. ಆದರೂ ಉಮದಿ, ಸಂಖ, ಮಾಡಗ್ಯಾಳದ ಕಡೆಯ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಟ್ಯಾಂಕರಿನ ದಾರಿ ಕಾಯುವುದು ಎಂದರೇನೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಮುಂದೆ ಬಾಗಿಲು ಇರುವ ಮಷಿನು ಮೇಲೆ ಬಾಯಿ ಇರುವ ಮಷಿನಿಗಿಂತ ಕಡಿಮೆ ನೀರಿನಲ್ಲಿ ಒಗೆಯುತ್ತದೆ. ಆದ ಕಾರಣ ಕೊಡ ಲೆಕ್ಕ ಹಾಕಿ ನೀರು ಬಳಸುವ ಮನೆಗೆ ಅದು ಉಪಕಾರದ ವಸ್ತುವೇ ಸರಿ.

ಇಂಥ ಮಷಿನು ಒಂದು ದಿನ ಗಿರಣಿಯಂತೆ ಗುಡುಗಲು ತೊಡಗುತ್ತದೆ. ಕೆಲವು ತಿಂಗಳಿಗೆ ಡ್ರಮ್ಮು ತಿರುಗದೆ ನಿಂತುಬಿಡುತ್ತದೆ. "ಬೇರಿಂಗು ಜಾಮ್ ಆಗಿದೆ, ಇನ್ನು ಇದು ಗುಜರಿಗೇ" ಎಂಬ ಮಾತು ಬರುತ್ತದೆ. ಕಂತು ಇನ್ನೂ ತೀರಿರುವುದಿಲ್ಲ, ಮಷಿನು ಮಾತ್ರ ಅಂಗಳದ ಮೂಲೆ ಸೇರುತ್ತದೆ. ತಾಯಿ ಮತ್ತೆ ಒಗೆಯುವ ಕಲ್ಲಿನ ಮುಂದೆ ಕೂಡುತ್ತಾಳೆ. ಅನೇಕ ಸಲ ಹೀಗೆ ಆಗಬೇಕಾಗಿಲ್ಲ. ಕೆಟ್ಟಿರುವುದು ಅಂಗೈಯಷ್ಟು ಅಗಲದ ಎರಡು ಬೇರಿಂಗು, ಒಂದು ರಬ್ಬರಿನ ಸೀಲು. ಅವನ್ನು ಬಿಡಿಸಲು ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ತಾಳ್ಮೆ ಮತ್ತು ತಿಳುವಳಿಕೆ.

ಬೇರಿಂಗು ನಮಗೆ ಹೊಸ ವಸ್ತುವಲ್ಲ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುವ ನಮ್ಮ ಜನರ ಟೈರು ಗಾಡಿಯ ಗಾಲಿಯೊಳಗೆ ಅದೇ ಇದೆ. ಒಳಗೊಂದು ಉಕ್ಕಿನ ಬಳೆ, ಹೊರಗೊಂದು ಉಕ್ಕಿನ ಬಳೆ, ನಡುವೆ ಉರುಳುವ ಗುಂಡು ಅಥವಾ ರೋಲರುಗಳು. ಉಜ್ಜುವ ಕೆಲಸವನ್ನು ಉರುಳುವ ಕೆಲಸವಾಗಿ ಮಾರ್ಪಡಿಸುವುದೇ ಅದರ ಗುಟ್ಟು. ಬ್ರಿಟನ್ನಿನ ವೇಲ್ಸ್ ಸೀಮೆಯ ಫಿಲಿಪ್ ವಾನ್ ಎಂಬವನು 1794ರಲ್ಲಿ ಈ ಉಪಾಯಕ್ಕೆ ಪೇಟೆಂಟು ಪಡೆದದ್ದು ಗಾಡಿಯ ಅಚ್ಚಿಗಾಗಿಯೇ. ಮುಂದೆ 1907ರಲ್ಲಿ ಸ್ವೀಡನ್ ದೇಶದ ಒಂದು ಬಟ್ಟೆ ಗಿರಣಿಯಲ್ಲಿ ಯಂತ್ರಗಳ ಮೇಲ್ವಿಚಾರಣೆ ಮಾಡುತ್ತಿದ್ದ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬವರು ಶಾಫ್ಟು ಸ್ವಲ್ಪ ಓರೆಯಾದರೂ ಕೆಡದೆ ಹೊಂದಿಕೊಳ್ಳುವ ಬೇರಿಂಗನ್ನು ಕಂಡುಹಿಡಿದರು. ಗಿರಣಿಯ ಯಂತ್ರಗಳು ಪದೇ ಪದೇ ನಿಲ್ಲುವುದನ್ನು ಕಂಡವರೇ ಅದಕ್ಕೆ ಮದ್ದು ಹುಡುಕಿದರು. ನಮ್ಮ ದೇಶದಲ್ಲಿ ಜೈಪುರದ ಬೇರಿಂಗು ಕಾರ್ಖಾನೆ 1946ರಲ್ಲಿ ಸ್ಥಾಪನೆಯಾಯಿತು. ಇಂದು ಬೇರಿಂಗು ಜಿಲ್ಲೆಯ ಪೇಟೆಯ ಅಂಗಡಿಗಳಲ್ಲಿಯೂ ಸಿಕ್ಕುತ್ತದೆ.

ಈಗ ಮಷಿನಿನ ಒಳಗೆ ನೋಡೋಣ. ಬಟ್ಟೆ ಹಾಕುವ ಉಕ್ಕಿನ ಡ್ರಮ್ಮು ಒಳಗಿನದು. ಅದರ ಸುತ್ತ ನೀರು ಹಿಡಿಯುವ ದೊಡ್ಡ ತೊಟ್ಟಿ ಇದೆ, ಅದು ಹೆಚ್ಚಾಗಿ ಪ್ಲಾಸ್ಟಿಕಿನದು. ಡ್ರಮ್ಮಿನ ಬೆನ್ನಿಗೆ ಮೂರು ಕೈಗಳ ಒಂದು ಅಲ್ಯೂಮಿನಿಯಂ ಅಡ್ಡಪಟ್ಟಿ, ಅದರ ನಡುವಿನಿಂದ ಉಕ್ಕಿನ ಶಾಫ್ಟು. ಈ ಶಾಫ್ಟು ತೊಟ್ಟಿಯ ಬೆನ್ನನ್ನು ದಾಟಿ ಹೊರಗೆ ಬಂದು ಬೆಲ್ಟಿನ ಪುಲ್ಲಿಯನ್ನು ಹೊತ್ತಿರುತ್ತದೆ. ದಾಟುವ ಜಾಗದಲ್ಲಿ ಎರಡು ಬೇರಿಂಗು ಕೂತಿವೆ: ಡ್ರಮ್ಮಿನ ಕಡೆಗೆ ದೊಡ್ಡದು, ಪುಲ್ಲಿಯ ಕಡೆಗೆ ಸಣ್ಣದು. ದೊಡ್ಡ ಬೇರಿಂಗಿನ ಮುಂದೆ, ನೀರಿನ ಕಡೆಗೆ, ರಬ್ಬರಿನ ಸೀಲು ಕಾವಲು ಕಾಯುತ್ತದೆ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಮಷಿನಿನಲ್ಲಿ ರಚನೆ ಬೇರೆ. ಆದರೆ ಸೀಲು ಸೋತರೆ ನೀರು ಒಳಗೆ ಹೋಗುತ್ತದೆ ಎಂಬ ನ್ಯಾಯ ಅಲ್ಲಿಯೂ ಒಂದೇ.

ಬೇರಿಂಗು ತಾನಾಗಿ ಸಾಯುವುದು ಅಪರೂಪ, ಹೆಚ್ಚಾಗಿ ಸೀಲು ಸೋತು ಅದನ್ನು ಸಾಯಿಸುತ್ತದೆ. ಸೀಲಿನ ತುಟಿ ಸವೆದು ಸಾಬೂನಿನ ನೀರು ಒಳಕ್ಕೆ ನುಸುಳಿದರೆ ಗ್ರೀಸು ತೊಳೆದುಹೋಗುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ನಮ್ಮದು ಕರಿಕಲ್ಲಿನ ಸೀಮೆ, ಬೋರಿನ ನೀರು ಬಹುಮಟ್ಟಿಗೆ ಗಡಸು. ಈ ನೀರಿನಿಂದ ಕಟ್ಟುವ ಬಿಳಿಯ ಪೊರೆ ಸೀಲಿನ ತುಟಿಯನ್ನು ಉಜ್ಜುತ್ತದೆ. ಗಡಸು ನೀರಿನಲ್ಲಿ ನೊರೆ ಬರುವುದಿಲ್ಲವೆಂದು ಪುಡಿಯನ್ನು ಮುಷ್ಟಿಗಟ್ಟಲೆ ಸುರಿದರೆ, ಕರಗದೆ ಉಳಿದ ಪುಡಿ ಅಲ್ಲಿಯೇ ಹೆಪ್ಪುಗಟ್ಟಿ ಅಲ್ಯೂಮಿನಿಯಂ ಕೈಗಳನ್ನು ತಿನ್ನುತ್ತದೆ. ಮೇಲಿಂದ ಅಳತೆ ಮೀರಿ ಬಟ್ಟೆ ತುರುಕಿದರೆ, ಹಿಂಡುವಾಗ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸು ತಿರುಗುವ ಆ ಒದ್ದೆಯ ಭಾರವೆಲ್ಲ ಈ ಎರಡು ಬೇರಿಂಗುಗಳ ಮೇಲೆ ಬೀಳುತ್ತದೆ.

ರೋಗದ ಗುರುತುಗಳು ಕ್ರಮವಾಗಿ ಬರುತ್ತವೆ. ಮೊದಲು ಹಿಂಡುವಾಗ ಮಾತ್ರ ಗುಂಯ್ ಎನ್ನುವ ಸದ್ದು. ಬಳಿಕ ಒಗೆಯುವಾಗಲೂ ಗರಗರ ಸದ್ದು. ಮಷಿನಿನ ಬೆನ್ನಿನ ಒಳಗೆ, ಪುಲ್ಲಿಯ ಸುತ್ತ, ತುಕ್ಕು ಬಣ್ಣದ ಕಲೆ. ಪ್ಲಗ್ ಕಿತ್ತು, ಬಾಗಿಲು ತೆಗೆದು, ಡ್ರಮ್ಮಿನ ಅಂಚನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿರಿ. ತೊಟ್ಟಿಯನ್ನು ಬಿಟ್ಟು ಡ್ರಮ್ಮೊಂದೇ ಕುಲುಕಿದರೆ ಬೇರಿಂಗು ಸವೆದಿದೆ. ಸದ್ದಿನ ಹಂತದಲ್ಲಿಯೇ ಕೆಲಸ ಹಿಡಿದರೆ ಬೇರಿಂಗು ಸುಲಭವಾಗಿ ಬರುತ್ತದೆ. ಜಾಮ್ ಆಗುವ ತನಕ ಕಾದರೆ ಶಾಫ್ಟಿಗೂ ತುಕ್ಕು ಹತ್ತಿ ಖರ್ಚು ಬೆಳೆಯುತ್ತದೆ. ಆದ್ದರಿಂದ ತಾಯಂದಿರೇ, ಸದ್ದು ಮೊದಲು ಕೇಳುವವರು ನೀವೇ. "ಇನ್ನೂ ಓಡುತ್ತದಲ್ಲ" ಎಂದು ಮನೆಯವರು ಮುಂದೂಡಿದರೆ ಒಪ್ಪಬೇಡಿರಿ.

ಕೆಲಸಕ್ಕೆ ಕೈ ಹಚ್ಚುವ ಮುಂಚೆ ಜೀವದ ಮಾತು. ಪ್ಲಗ್ ಕಿತ್ತಿಡುವುದು, ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಿತ್ತ ಮೇಲೆಯೂ ಒಳಗಿನ ವಿದ್ಯುತ್ ಭಾಗಗಳಲ್ಲಿ ಸ್ವಲ್ಪ ಹೊತ್ತು ಶಕ್ತಿ ಉಳಿದಿರುತ್ತದೆ. ಹತ್ತು ನಿಮಿಷ ಬಿಡಬೇಕು, ಆ ಭಾಗಗಳನ್ನು ಮುಟ್ಟಬಾರದು. ನಲ್ಲಿ ಮುಚ್ಚಿ, ಉಳಿದ ನೀರನ್ನು ಕೆಳಗಿನ ಜಾಲರಿಯ ಬಾಯಿಯಿಂದ ಹೊರಗೆ ಬಿಡಬೇಕು. ಕುಣಿಯದಿರಲೆಂದು ಮಷಿನಿನೊಳಗೆ ಕಾಂಕ್ರೀಟಿನ ಭಾರವಾದ ಗುಂಡುಕಲ್ಲು ಕೂಡಿಸಿರುತ್ತಾರೆ. ಅದನ್ನು ಮೊದಲು ಬಿಚ್ಚಬೇಕು, ಎತ್ತಲು ಇಬ್ಬರು ಇರಬೇಕು. ಸುತ್ತಿಗೆಯ ಕೆಲಸಕ್ಕೆ ಕಣ್ಣಿಗೆ ಕನ್ನಡಕ ಕಡ್ಡಾಯ, ಏಕೆಂದರೆ ಬೇರಿಂಗಿನ ಉಕ್ಕು ಬಹಳ ಗಟ್ಟಿ, ಒಡೆದರೆ ಚೂರು ಸಿಡಿಯುತ್ತದೆ. ಇನ್ನೂ ಒಂದು ಮಾತು: ಅರ್ಥಿಂಗ್ ಇಲ್ಲದ ಕೋಣೆಯಲ್ಲಿ ಈ ಮಷಿನು ನಡೆಸುವುದು ಅಪಾಯ. ತೋಟದ ಮನೆಗಳಲ್ಲಿ ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಬಿಚ್ಚುವ ಕ್ರಮ ಹೀಗಿದೆ. ಪ್ರತಿ ಹೆಜ್ಜೆಯಲ್ಲಿ ಫೋನಿನಲ್ಲಿ ಒಂದು ಚಿತ್ರ ಹಿಡಿಯಿರಿ, ವಾಯರು ಎಲ್ಲಿಂದ ಎಲ್ಲಿಗೆ ಎಂಬುದು ಮರೆಯುವುದಿಲ್ಲ. ಒಂದೊಂದು ಭಾಗದ ಸ್ಕ್ರೂಗಳನ್ನು ಒಂದೊಂದು ಬಟ್ಟಲಿನಲ್ಲಿ ಇಡಿರಿ. ಬೆನ್ನಿನ ತಗಡು ತೆಗೆದು, ಬೆಲ್ಟು ಜಾರಿಸಿ, ಪುಲ್ಲಿಯ ನಡುವಿನ ಬೋಲ್ಟನ್ನು ಬಿಚ್ಚಬೇಕು. ಅದು ಅಂಟು ಹಾಕಿ ಬಿಗಿದ ಬೋಲ್ಟು, ಸುಲಭವಾಗಿ ಬರದಿದ್ದರೆ ಸ್ವಲ್ಪ ಕಾಯಿಸಬೇಕು. ತಪ್ಪು ಅಳತೆಯ ಪಾನಾ ಹಾಕಿ ಅದರ ತಲೆಯನ್ನು ಕೆಡಿಸಿದರೆ ಕೆಲಸ ಇಮ್ಮಡಿಯಾಗುತ್ತದೆ. ಬಳಿಕ ಬಾಗಿಲಿನ ರಬ್ಬರು, ಪೈಪು, ಹೀಟರಿನ ವಾಯರು, ಮೋಟಾರು ಬಿಡಿಸಿ, ಸ್ಪ್ರಿಂಗಿನಿಂದ ತೊಟ್ಟಿಯನ್ನು ಇಳಿಸಬೇಕು. ತೊಟ್ಟಿ ಎರಡು ಹೋಳು. ಸುತ್ತಲೂ ಸ್ಕ್ರೂ ಇದ್ದರೆ ಒಳ್ಳೆಯದು. ಕೆಲವು ಮಷಿನುಗಳಲ್ಲಿ ಎರಡು ಹೋಳುಗಳನ್ನು ಕಾರ್ಖಾನೆಯಲ್ಲಿಯೇ ಕರಗಿಸಿ ಅಂಟಿಸಿರುತ್ತಾರೆ. ಅಂಥದ್ದನ್ನು ಕೊಯ್ದು ಮತ್ತೆ ಕೂಡಿಸುವವರು ಇದ್ದಾರೆ, ಆದರೆ ಅದು ಕೈ ಪಳಗಿದವರ ಕೆಲಸ. ಹೊಸಬರು ಅದರಲ್ಲಿ ಕೈ ಹಾಕಬಾರದು.

ಮುಂದೆ ಶಾಫ್ಟನ್ನು ಬೇರಿಂಗಿನಿಂದ ಹೊರಗೆ ತಳ್ಳಬೇಕು. ಪುಲ್ಲಿಯ ಬೋಲ್ಟನ್ನು ಶಾಫ್ಟಿನ ತುದಿಗೆ ಮತ್ತೆ ಮುಕ್ಕಾಲು ತಿರುವಿ ಬಿಡಿರಿ. ಏಟು ಬೋಲ್ಟಿನ ತಲೆಗೆ ಬೀಳಬೇಕು, ಶಾಫ್ಟಿನ ಮರೆಗಳಿಗೆ ಅಲ್ಲ. ಅದರ ಮೇಲೆ ಗಟ್ಟಿ ಕಟ್ಟಿಗೆಯ ತುಂಡು ಇಟ್ಟು ನೇರವಾಗಿ ಹೊಡೆಯಿರಿ. ಎರಡು ಮೂರು ಒಳ್ಳೆಯ ಏಟಿಗೆ ಅಲುಗದಿದ್ದರೆ ನಿಲ್ಲಿಸಿರಿ. ಅಲ್ಲಿ ತುಕ್ಕು ಹಿಡಿದಿದೆ, ಬಲ ಹೆಚ್ಚಿಸಿದರೆ ಅಲ್ಯೂಮಿನಿಯಂ ಕೈ ಸೀಳುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಶಾಫ್ಟಿನ ಸುತ್ತ ಬಿಟ್ಟು ರಾತ್ರಿಯಿಡೀ ಬಿಡಿರಿ, ನಡುನಡುವೆ ಮೆಲ್ಲಗೆ ತಟ್ಟಿರಿ. ತಟ್ಟಿದ ಅದುರಿಗೆ ಎಣ್ಣೆ ಸಂದಿಗೆ ಇಳಿಯುತ್ತದೆ. ಮೂರು ಕಾಲಿನ ಪುಲ್ಲರ್ ಇದ್ದರೆ ಸುತ್ತಿಗೆಗಿಂತ ಅದು ಮೇಲು, ಏಕೆಂದರೆ ಅದು ನೇರವಾಗಿ, ಒಂದೇ ಸಮನೆ ಒತ್ತುತ್ತದೆ.

ಶಾಫ್ಟು ಬಂದ ಮೇಲೆ ಹಳೆಯ ಸೀಲನ್ನು ಮೀಟಿ ತೆಗೆಯಿರಿ. ಈಗ ತೊಟ್ಟಿಯ ಬೆನ್ನಿನ ಗುಂಬದಲ್ಲಿ ಎರಡು ಬೇರಿಂಗು ಉಳಿದವು. ಇಲ್ಲಿ ದಿಕ್ಕು ತಪ್ಪಬಾರದು. ಎರಡರ ನಡುವೆ ಒಂದು ಮೆಟ್ಟಿಲು ಇದೆ. ದೊಡ್ಡದು ಡ್ರಮ್ಮಿನ ಕಡೆಗೆ ಹೊರಡಬೇಕು, ಆದ್ದರಿಂದ ಅದನ್ನು ಪುಲ್ಲಿಯ ಕಡೆಯಿಂದ ಹೊಡೆಯಬೇಕು. ಸಣ್ಣದು ಪುಲ್ಲಿಯ ಕಡೆಗೆ ಹೊರಡಬೇಕು, ಆದ್ದರಿಂದ ಅದನ್ನು ಡ್ರಮ್ಮಿನ ಕಡೆಯಿಂದ ಹೊಡೆಯಬೇಕು. ಉದ್ದದ ಸರಳನ್ನು ಒಂದು ಬೇರಿಂಗಿನ ತೂತಿನೊಳಗಿಂದ ತೂರಿಸಿ ಎದುರಿನ ಬೇರಿಂಗಿನ ಬಳೆಯ ಮೇಲೆ ನಿಲ್ಲಿಸಿ, ಒಂದು ಏಟು ಈ ಬದಿಗೆ, ಒಂದು ಏಟು ಆ ಬದಿಗೆ, ಹೀಗೆ ಸುತ್ತಲೂ ಸರದಿಯಂತೆ ತಟ್ಟುತ್ತ ಬಂದರೆ ಅದು ನೇರವಾಗಿ ಇಳಿಯುತ್ತದೆ. ಒಂದೇ ಬದಿಗೆ ಹೊಡೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ತೊಟ್ಟಿಯ ಗುಂಬದ ಕೆಳಗೆ ಕಟ್ಟಿಗೆಯ ಆಸರೆ ಇರಲೇಬೇಕು, ಇಲ್ಲವಾದರೆ ಪ್ಲಾಸ್ಟಿಕು ಬಿರಿಯುತ್ತದೆ.

ಇಷ್ಟಕ್ಕೂ ಬರದಿದ್ದರೆ ಶಾಖದ ಸಹಾಯ ಬೇಕು. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಗುಂಬದ ಲೋಹ ಅಲ್ಯೂಮಿನಿಯಂ ಇದ್ದಲ್ಲಿ ಅದನ್ನು ಕಾಯಿಸಿದರೆ ಉಕ್ಕಿನ ಬೇರಿಂಗಿನ ಹಿಡಿತ ಸಡಿಲುತ್ತದೆ. ಮೊದಲು ಎಣ್ಣೆಯನ್ನೆಲ್ಲ ಒರೆಸಬೇಕು. ತೊಟ್ಟಿ ಪ್ಲಾಸ್ಟಿಕಿನದಾದರೆ ಬೆಂಕಿಯ ಜ್ವಾಲೆ ತರಲೇಬಾರದು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಲೋಹದ ಮೇಲೆ ಮತ್ತೆ ಮತ್ತೆ ಸುತ್ತಬಹುದು, ಇಲ್ಲವೆ ಬಿಸಿಗಾಳಿಯ ಗನ್ನನ್ನು ಲೋಹಕ್ಕೆ ಮಾತ್ರ ಹಿಡಿಯಬಹುದು.

ಎಲ್ಲಕ್ಕಿಂತ ಕಷ್ಟದ ಸಂದರ್ಭವೆಂದರೆ ಬೇರಿಂಗು ಒಡೆದು, ಒಳಬಳೆ ಮತ್ತು ಗುಂಡು ಉದುರಿ, ಹೊರಬಳೆ ಮಾತ್ರ ಗುಂಬದಲ್ಲಿ ಕಚ್ಚಿಕೊಂಡು ಉಳಿಯುವುದು. ಸರಳು ನಿಲ್ಲಲು ಅಂಚೇ ಸಿಕ್ಕುವುದಿಲ್ಲ. ಗುಂಬ ಲೋಹದ್ದಾಗಿದ್ದರೆ ವೆಲ್ಡಿಂಗಿನವರ ಹತ್ತಿರ ಒಯ್ಯಿರಿ. ಬಳೆಯ ಒಳಮೈಗೆ ಸುತ್ತಲೂ ಒಂದು ಗೆರೆ ವೆಲ್ಡಿಂಗ್ ಎಳೆದರೆ ಅದು ತಣಿಯುವಾಗ ಬಳೆಯನ್ನು ಒಳಗೆ ಸೆಳೆದು ಕುಗ್ಗಿಸುತ್ತದೆ, ಬಳೆ ಸಡಿಲವಾಗುತ್ತದೆ. ಇದು ವರ್ಕ್‌ಶಾಪಿನ ಹಳೆಯ ಉಪಾಯ. ಪ್ಲಾಸ್ಟಿಕಿನ ನಡುವೆ ಕೂತ ಬಳೆಗೆ ಇದು ಸಲ್ಲದು. ಅಲ್ಲಿ ಸಣ್ಣ ಗ್ರೈಂಡರಿನಿಂದ ಬಳೆಯ ದಪ್ಪದ ಮುಕ್ಕಾಲು ಪಾಲು ಗೀರಿ, ಆ ಗೀರಿನಲ್ಲಿ ಚಾಣ ಇಟ್ಟು ಒಂದು ಏಟು ಕೊಟ್ಟರೆ ಬಳೆ ಬಿರಿದು ಬಿಡುತ್ತದೆ. ಒಳಬಳೆ ಶಾಫ್ಟಿನ ಮೇಲೆ ಉಳಿದರೂ ಇದೇ ಕ್ರಮ. ಗ್ರೈಂಡರಿನ ಚಕ್ರ ಶಾಫ್ಟನ್ನು ಮುಟ್ಟಿದರೆ ಮಾತ್ರ ಹೊಸ ಸೀಲು ಹಾಕಿಯೂ ಫಲವಿಲ್ಲ, ಆ ಗೀರಿನ ದಾರಿಯಲ್ಲಿಯೇ ನೀರು ಮತ್ತೆ ಬರುತ್ತದೆ.

ಹೊಸದನ್ನು ಕೊಳ್ಳುವಾಗ ಹಳೆಯ ಬೇರಿಂಗನ್ನು ಒರೆಸಿ ನಂಬರು ಓದಿಕೊಳ್ಳಿರಿ. 6204, 6205, 6206 ಈ ಮಷಿನುಗಳಲ್ಲಿ ಹೆಚ್ಚಾಗಿ ಕಾಣುವ ನಂಬರುಗಳು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಕ್ಕುತ್ತದೆ. 6205 ಎಂದರೆ 25 ಮಿಲಿಮೀಟರು, 6206 ಎಂದರೆ 30. 6205ರ ಹೊರ ಅಳತೆ 52, ಅಗಲ 15 ಮಿಲಿಮೀಟರು. ಇಷ್ಟು ತಿಳಿದವನಿಗೆ ಅಂಗಡಿಯವನು ಬೇರೆ ಅಳತೆಯದನ್ನು ಕೊಡಲಾರ. ನಂಬರಿನ ಮುಂದೆ ಎರಡು ಝಡ್ ಇದ್ದರೆ ತಗಡಿನ ಮುಚ್ಚಳ, ಟೂ ಆರ್ ಎಸ್ ಇದ್ದರೆ ಎರಡೂ ಕಡೆ ರಬ್ಬರಿನ ಮುಚ್ಚಳ. ಹಳೆಯದು ಯಾವ ಬಗೆಯದಿತ್ತೋ ಅದೇ ಬಗೆಯದನ್ನು ಕೇಳಿ ತರಬೇಕು.

ಕೂಡಿಸುವಾಗ ಗುಂಬವನ್ನು ತುಕ್ಕು ಇಲ್ಲದಂತೆ ತಿಕ್ಕಿ ಒರೆಸಿರಿ. ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಯಾರ ಮನೆಯದಾದರೂ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಕೆಲವು ಗಂಟೆ ಇಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸುಲಭವಾಗಿ ಕೂಡುತ್ತದೆ. ಗುಂಬಕ್ಕೆ ಕೂಡಿಸುವಾಗ ಏಟು ಹೊರಬಳೆಯ ಮೇಲೆಯೇ ಬೀಳಬೇಕು. ಒಳಬಳೆಗೆ ಬಿದ್ದರೆ ಗುಂಡುಗಳ ದಾರಿಯಲ್ಲಿ ತಗ್ಗು ಬಿದ್ದು ಹೊಸದೂ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ. ಹಳೆಯ ಹೊರಬಳೆಯನ್ನು ಹೊಸದರ ಮೇಲಿಟ್ಟು ತಟ್ಟುವುದು ಒಳ್ಳೆಯ ಉಪಾಯ. ಕಡೆಗೆ ಹೊಸ ಸೀಲು, ಅದರ ತುಟಿಗೆ ನೀರಿಗೆ ತೊಳೆದುಹೋಗದ ಗ್ರೀಸು.

ಈ ಮಾತನ್ನು ಒತ್ತಿ ಹೇಳುತ್ತೇವೆ: ಬೇರಿಂಗು ಬದಲಿಸಿದಾಗ ಸೀಲನ್ನೂ ಬದಲಿಸಲೇಬೇಕು. ಹಳೆಯ ಸೀಲು ಉಳಿಸಿಕೊಂಡು ಹೊಸ ಬೇರಿಂಗು ಹಾಕುವುದು ಸೋರುವ ಮಾಳಿಗೆಯ ಕೆಳಗೆ ಹೊಸ ಕಾಳು ತುಂಬಿಟ್ಟಂತೆ. ನೀವು ಮೆಕ್ಯಾನಿಕರ ಕೈಯಲ್ಲಿ ಮಾಡಿಸಿದರೆ ಬೇರಿಂಗಿಗೆ ಎಷ್ಟು, ಸೀಲಿಗೆ ಎಷ್ಟು, ಕೂಲಿ ಎಷ್ಟು ಎಂದು ಮೊದಲೇ ಬೇರೆ ಬೇರೆ ಕೇಳಿರಿ. ತೆಗೆದ ಹಳೆಯ ಸಾಮಾನನ್ನು ತೋರಿಸಲು ಹೇಳಿರಿ. ಕೂಲಿ ದುಡಿದ ಹಣಕ್ಕೆ ಲೆಕ್ಕ ಕೇಳುವುದರಲ್ಲಿ ನಾಚಿಕೆಯಿಲ್ಲ. ಹಾಗೆಯೇ, ಎರಡು ದಿನ ತುಕ್ಕಿನೊಡನೆ ಹೆಣಗಿದವನ ಕೂಲಿಯನ್ನು ಚೌಕಾಸಿ ಮಾಡಿ ಅರ್ಧ ಮಾಡುವುದೂ ನಮಗೆ ತಕ್ಕದ್ದಲ್ಲ. ನಾವೂ ಕೂಲಿಕಾರರೇ ಅಲ್ಲವೇ?

ಎಲ್ಲ ಮಷಿನನ್ನೂ ಉಳಿಸಬಹುದೆಂದು ನಾವು ಹೇಳುವುದಿಲ್ಲ. ಸೀಲು ಕೂಡುವ ಜಾಗದಲ್ಲಿ ಶಾಫ್ಟು ಉಗುರಿಗೆ ಸಿಕ್ಕುವಷ್ಟು ಸವೆದಿದ್ದರೆ, ಅಲ್ಯೂಮಿನಿಯಂ ಕೈ ಗೆದ್ದಲು ತಿಂದಂತೆ ಪೊಳ್ಳಾಗಿದ್ದರೆ, ಆ ಭಾಗವನ್ನೇ ಹೊಸದು ಹಾಕಬೇಕು. ಅದರ ಬೆಲೆ ಕೇಳಿ, ಮಷಿನಿನ ವಯಸ್ಸು ನೋಡಿ, ಮನೆಯವರೆಲ್ಲ ಕೂತು ನಿರ್ಧರಿಸಬೇಕು. ಸಾಲ ಮಾಡಿ ಮುದಿ ಮಷಿನಿಗೆ ಹಣ ಸುರಿಯಬಾರದು. ಒಳ್ಳೆಯ ಮಷಿನನ್ನು ಒಂದು ಸೀಲಿನ ಸಲುವಾಗಿ ಗುಜರಿಗೆ ಕೊಡಲೂ ಬಾರದು.

ಮತ್ತೆ ಕೆಡದಂತೆ ನೋಡಿಕೊಳ್ಳುವುದು ಸುಲಭ. ಪುಡಿಯನ್ನು ಅಳತೆಯಿಂದ ಹಾಕಿರಿ. ಡ್ರಮ್ಮಿನ ಮೇಲ್ಭಾಗದಲ್ಲಿ ಕೈ ಆಡುವಷ್ಟು ಜಾಗ ಬಿಡಿರಿ. ಹಾಸು ಕಲ್ಲಿನ ನೆಲ ಏರುತಗ್ಗು ಇದ್ದರೆ ಮಷಿನಿನ ಕಾಲು ತಿರುವಿ ಸಮ ಮಾಡಿರಿ. ಒಗೆದಾದ ಮೇಲೆ ಬಾಗಿಲನ್ನು ಸ್ವಲ್ಪ ತೆರೆದಿಡಿರಿ. ಮನೆಯಲ್ಲಿ ಕೂಸು ಇದ್ದರೆ ಅದು ಒಳಗೆ ಹೋಗದಂತೆ ಎಚ್ಚರವಿರಲಿ. ದ್ರಾಕ್ಷಿಗೆ ಔಷಧಿ ಹೊಡೆದು ಬಂದವರ ಬಟ್ಟೆಯನ್ನು ಕೂಸಿನ ಬಟ್ಟೆಯ ಜೊತೆ ಎಂದೂ ಹಾಕಬೇಡಿರಿ, ಬೇರೆಯಾಗಿಯೇ ಒಗೆಯಿರಿ.

ಕಡೆಗೆ ಒಂದು ಸೂಚನೆ. ಪುಲ್ಲರು, ಪಾನಾಗಳ ಒಂದು ಸೆಟ್ಟು, ಕಣ್ಣಿನ ಕನ್ನಡಕ, ಎಣ್ಣೆಯ ಡಬ್ಬಿ, ಇವು ಒಂದು ಮನೆಗೆ ಭಾರವಾಗಬಹುದು, ಹತ್ತು ಮನೆ ಸೇರಿದರೆ ಭಾರವಲ್ಲ. ಪ್ರತಿ ವಸ್ತಿಯಲ್ಲಿ ಇವನ್ನು ಕೂಡಿ ಕೊಂಡು ಒಬ್ಬರ ಹತ್ತಿರ ಇಡಬಹುದು. ಯಾರು ಒಯ್ದರು, ಯಾವಾಗ ತಂದರು ಎಂದು ವಹಿಯಲ್ಲಿ ಬರೆದಿಡಬಹುದು. ಅವೇ ಸಾಮಾನುಗಳು ಕಬ್ಬಿನ ಗಾಡಿಯ ಗಾಲಿಗೂ, ಮೇವು ಕತ್ತರಿಸುವ ಯಂತ್ರಕ್ಕೂ, ಬಾವಿಯ ಮೋಟಾರಿಗೂ ಬರುತ್ತವೆ. ತೋಟದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ನಮ್ಮ ಹುಡುಗರು, ಹುಡುಗಿಯರು ಕೂಡ, ಈ ಕಸುಬನ್ನು ಕಲಿತರೆ ಅನ್ನಕ್ಕೊಂದು ದಾರಿಯಾಗುತ್ತದೆ. ಕಲಿಯಲು ಗುಜರಿಗೆ ಹೊರಟ ಒಂದು ಹಳೆಯ ಮಷಿನು ಸಾಕು. ಈ ತಿಂಗಳು ಯಾರ ಅಂಗಳದಲ್ಲಿ ಅಂಥದ್ದು ನಿಂತಿದೆಯೋ ಅವರು ಕೂಟ ಮುಗಿದ ಮೇಲೆ ನಮಗೆ ತಿಳಿಸಿರಿ. ಮುಂದಿನ ಬಿಡುವಿನ ದಿನ ಎಲ್ಲರೂ ಸೇರಿ ಅದನ್ನು ಬಿಚ್ಚಿ ನೋಡೋಣ.